ಬ್ಯಾಟು ಕೆಳಗಿಡುವ ಜಾಗ

ತಂಡದ ತರಬೇತುದಾರರು ಫೋನಿನಲ್ಲಿ ಮೊದಲು ಹೊಗಳಿದರು. "ನಿಮ್ಮ ಹುಡುಗ ಹೊಡೆದರೆ ನಮ್ಮ ಮೈದಾನ ಸಾಲುವುದಿಲ್ಲ." ಆಮೇಲೆ, "ಹೊಡೆದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಿಲ್ಲ" ಎಂದರು. ಮುಂದಿನ ಋತುವಿಗೆ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನೋಡಲು ಸುಗ್ಗಿ ಮುಗಿಯುವ ಹೊತ್ತಿಗೆ ನಾನೇ ಲಿಂಗಸುಗೂರಿಗೆ ಬರುತ್ತೇನೆ, ಅಷ್ಟರೊಳಗೆ ಅವನ ಮೂರು ಚಾಳಿಗಳನ್ನು ಬಿಡಿಸಿಡಿ ಎಂದು ಹೇಳಿ ಫೋನಿಟ್ಟರು.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಅತಿಥಿ ಉಪನ್ಯಾಸಕ. ಅವನು ಪಾಮನಕಲ್ಲೂರಿನವನು, ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುವ ಹಮಾಲ. ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದವನ ಕೈಗೆ ಬೇಸ್‌ಬಾಲ್ ಬ್ಯಾಟು ಕೊಟ್ಟವನು ನಾನು. ಹೊಸದಾಗಿ ಶುರುವಾಗಿದ್ದ ಖಾಸಗಿ ಲೀಗಿನ ಒಂದು ತಂಡ ಅವನನ್ನು ಒಂದು ಋತುವಿಗೆ ಔಟ್‌ಫೀಲ್ಡರ್ ಆಗಿ, ಅಂದರೆ ಮೈದಾನದ ಹಿಂಬದಿಯಲ್ಲಿ ನಿಂತು ದೂರದ ಚೆಂಡುಗಳನ್ನು ಹಿಡಿಯುವವನಾಗಿ, ಸೇರಿಸಿಕೊಂಡಿತ್ತು. ಋತು ಮುಗಿದ ಮೇಲೆ ಅವನು ಗಿರಣಿಗೆ ಮರಳಿದ್ದ. ಮತ್ತೆ ಕರೆ ಬಂದರೆ ಆಟಗಾರ, ಬಾರದಿದ್ದರೆ ಹಮಾಲ.

ಮೂರು ಚಾಳಿಗಳೂ ಕ್ರಿಕೆಟ್ಟಿನಿಂದ ಬಂದವು. ಮೊಣಕಾಲಿನ ಕೆಳಗೆ ಬಂದ ಚೆಂಡಿಗೂ ಅವನು ಬ್ಯಾಟು ಬೀಸುತ್ತಿದ್ದ. ಬೇಸ್‌ಬಾಲಿನಲ್ಲಿ ಅಂಥ ಚೆಂಡನ್ನು ಸುಮ್ಮನೆ ಬಿಟ್ಟರೆ ತಪ್ಪು ಎಸೆದವನದು, ಬೀಸಿ ತಪ್ಪಿದರೆ ಬ್ಯಾಟುಗಾರನದು. ಕಾಲಬುಡದ ಚೆಂಡನ್ನು ಎತ್ತಿ ಹೊಡೆದೇ ಹೆಸರು ಮಾಡಿದವನಿಗೆ ಅದನ್ನು ಸುಮ್ಮನೆ ಬಿಡುವುದು ಸಂಕಟ. ಲೀಗಿನ ಮೊದಲ ಪಂದ್ಯಗಳಲ್ಲಿ ಅವನ ಹೊಡೆತ ಕಂಡು ಬೆಚ್ಚಿದ್ದ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ಬೇಗನೆ ಇದನ್ನು ಪತ್ತೆಹಚ್ಚಿ ಕೆಳಗೇ ಎಸೆಯತೊಡಗಿದ್ದರು. ಋತುವಿನ ಕೊನೆಯ ಭಾಗವನ್ನೆಲ್ಲ ಅವನು ಬೆಂಚಿನ ಮೇಲೆ ಕಳೆದಿದ್ದ. ಇನ್ನೊಂದು ಚಾಳಿ, ಹಿಂಬದಿಯಲ್ಲಿ ಚೆಂಡು ಸಿಕ್ಕರೆ ನಡುವೆ ನಿಂತವನಿಗೆ ಕೊಡದೆ ನೇರ ಕ್ಯಾಚರ್‌ನ ಕೈಗೇ ಎಸೆಯುವುದು. ಕ್ಯಾಚರ್ ಅಂದರೆ ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂರುವವನು, ನಮ್ಮ ವಿಕೆಟ್ ಕೀಪರ್ ಇದ್ದಂತೆ. ಮೂರನೆಯದು, ಹೊಡೆದ ಮೇಲೆ ಬ್ಯಾಟು ಹಿಡಿದುಕೊಂಡೇ ಓಡುವುದು.

ಬ್ಯಾಟು ಹಿಡಿದು ಓಡಬಾರದೆಂಬ ನಿಯಮವೇನೂ ಇಲ್ಲ. ಆದರೆ ಯಾರೂ ಹಾಗೆ ಓಡುವುದಿಲ್ಲ. ಕೈಯಲ್ಲಿ ಭಾರವಿದ್ದರೆ ಮೊದಲ ಬೇಸ್, ಅಂದರೆ ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಗುರುತು, ಮುಟ್ಟುವುದು ತಡವಾಗುತ್ತದೆ, ಆ ತಡದಲ್ಲೇ ಔಟ್ ಆಗುತ್ತಾರೆ. ಕ್ರಿಕೆಟ್ಟಿನಲ್ಲಿ ಬ್ಯಾಟು ಚಾಚಿ ಗೆರೆ ಮುಟ್ಟುತ್ತೇವೆ. ಇಲ್ಲಿ ಕಾಲಿನಿಂದ ಬೇಸ್ ಮುಟ್ಟಬೇಕು, ಕೈಗೆ ಕೆಲಸವಿಲ್ಲ. ಇದು ಅವನಿಗೆ ಅರ್ಥವಾಗಿತ್ತು, ಮೈಗೆ ಅರ್ಥವಾಗಿರಲಿಲ್ಲ.

ಅಭ್ಯಾಸಕ್ಕೆ ಮಸ್ಕಿಯ ಮೈದಾನವನ್ನು ಗೊತ್ತುಮಾಡಿದೆ. ಅವನು ಸಿಂಧನೂರಿನಿಂದ, ನಾನು ಲಿಂಗಸುಗೂರಿನಿಂದ ಬಸ್ಸಿಗೆ ಬಂದರೆ ಅದು ನಡುವೆ ಸಿಗುತ್ತಿತ್ತು. ನಮ್ಮ ಕ್ಯಾಚರ್ ಅಲ್ಲೇ ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ. ಅವನು ಹಳೆಯ ವಿಕೆಟ್ ಕೀಪರ್, ಈ ಹಮಾಲನ ಜೊತೆಗೇ ಊರೂರು ತಿರುಗಿ ಪಂದ್ಯ ಆಡಿದವನು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಕೂರುತ್ತಿದ್ದ. ನಾನು ಚೆಂಡೆಸೆಯಲು ನನ್ನ ಕಾಲೇಜಿನ ಒಬ್ಬ ವಿದ್ಯಾರ್ಥಿಯನ್ನು ಕರೆತರುತ್ತಿದ್ದೆ, ಅಂಪೈರ್ ಆಗಿ ಕ್ಯಾಚರ್‌ನ ಹಿಂದೆ ನಿಲ್ಲುತ್ತಿದ್ದೆ.

"ಲೇ ಹಮಾಲ, ಬ್ಯಾಟು ಎದಕ ಹೊತ್ಕೊಂಡ್ ಓಡ್ತೀಯಲೇ?" ಎಂದು ಕ್ಯಾಚರ್ ಕೂಗುತ್ತಿದ್ದ. "ಯಾರರ ಕದೀತಾರಂತ ಅಂಜಿಕೇನು?"

"ನೀ ಹಿಂದ ಕುಂತೀಯಲ್ಲ ಭಾಯ್, ಅದಕ್ಕ ಅಂಜಿಕೆ," ಎಂದು ಇವನು ತಿರುಗಿ ಹೇಳುತ್ತಿದ್ದ. "ರೋಡಿಗೆ ಮೊಳಿ ಚೆಲ್ಲಿ ಗಿರಾಕಿ ಹಿಡಿಯೋ ಮಂದಿ ನೀವು."

"ನಿನ್ನ ಸೈಕಲ್ಲಿಗೆ ಮೊಳಿ ಯಾಕಲೇ ಬೇಕು, ನೀ ಕುಂತ್ರ ಸಾಕು, ಟೈರ್ ಒಡೀತೈತಿ."

ಕೆಳಗಿನ ಚೆಂಡನ್ನು ಬಿಡುವುದು ಮೊದಲು ಬಂತು. ಮೊಣಕಾಲಿನ ಮಟ್ಟಕ್ಕೆ ಎರಡು ಗೂಟಗಳ ನಡುವೆ ಹಳೆಯ ಟ್ಯೂಬಿನ ಪಟ್ಟಿ ಕಟ್ಟಿ, ಅದರ ಕೆಳಗಿನ ಚೆಂಡಿಗೆ ಬ್ಯಾಟು ಅಲ್ಲಾಡಿಸಿದರೆ ಒಂದು ಸುತ್ತು ಓಡಿಸುತ್ತಿದ್ದೆ. ಓಡಿ ಓಡಿ ಸಾಕಾಗಿ ಬಿಟ್ಟ. ನಡುವೆ ನಿಂತವನಿಗೆ ಚೆಂಡು ಕೊಡುವುದೂ ಸುಮಾರಾಗಿ ಬಂತು. ಬ್ಯಾಟಿನ ವಿಷಯಕ್ಕೆ, ಚೆಂಡು ತಾಗಿದ ಕೂಡಲೇ ನಾನು ಹಿಂದಿನಿಂದ "ಬಿಡು!" ಎಂದು ಕೂಗುವುದು ಎಂದು ಮಾಡಿದೆವು. ಎಲ್ಲ ಕಡೆ ಹೀಗೇ ಕಲಿಸುವುದು. ಮೊದಮೊದಲು ಕೂಗಿದರೂ ಹಿಡಿದೇ ಓಡಿದ. ಆಮೇಲೆ ಒಂದು ಬೆಳಿಗ್ಗೆ ಬಿಟ್ಟ.

ಆ ಬೆಳಿಗ್ಗೆ ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಚೆಂಡು ಸೊಂಟದ ಮಟ್ಟಕ್ಕೆ ಬಂತು. ಅವನ ಬ್ಯಾಟು ಅಲ್ಯೂಮಿನಿಯಂನದು, ತಾಗಿದ ಸದ್ದು ಗುಡ್ಡಕ್ಕೆ ಬಡಿದು ಮರಳಿತು. ಚೆಂಡು ಎತ್ತರಕ್ಕೆ ಹೋಯಿತು. ಕ್ಯಾಚರ್ ಮುಖದ ಕವಚ ಕಿತ್ತೆಸೆದು ಎದ್ದು ಮುಂದಕ್ಕೆ ಎರಡು ಹೆಜ್ಜೆ ಇಟ್ಟ. ವಿಕೆಟ್ ಕೀಪರ್ ಆಗಿದ್ದವರು ಹಾಗೆ ಮಾಡುತ್ತಾರೆ, ಹೊಡೆತ ಬಿದ್ದ ಕೂಡಲೇ ಸ್ಟಂಪಿನ ಬಳಿಗೆ ಓಡುತ್ತಾರೆ. ಬ್ಯಾಟು ಪೂರ್ತಿ ಸುತ್ತಿ ಹಮಾಲನ ಎಡ ಹೆಗಲ ಮೇಲೆ ಬಂದಿತ್ತು. ನಾನು "ಬಿಡು" ಎಂದೆ. ಅವನು ಹೆಗಲನ್ನು ಒಮ್ಮೆ ಜಾಡಿಸಿದ. ಬ್ಯಾಟು ಹಿಂದಕ್ಕೆ ಬಂತು. ಅದರ ದಪ್ಪ ತುದಿ ಕ್ಯಾಚರ್‌ನ ಕೆನ್ನೆಗೆ ಬಡಿದು, ನನ್ನ ಕಿವಿಯ ಪಕ್ಕ ಹಾದು, ಹಿಂದಿನ ಬಲೆಗೆ ಬಿತ್ತು. ಚೆಂಡಿನ ಸದ್ದಿಗೂ ಈ ಸದ್ದಿಗೂ ಬಹಳ ವ್ಯತ್ಯಾಸವಿತ್ತು.

ಕ್ಯಾಚರ್ ಕೂಗಲಿಲ್ಲ. ಕುಕ್ಕರಗಾಲಲ್ಲಿ ಮತ್ತೆ ಕುಳಿತ, ಚೆಂಡು ಹಿಡಿಯಲು ಕೂರುವ ಹಾಗೆಯೇ. ಬಾಯಿಯಿಂದ ರಕ್ತದ ಜೊತೆ ಹಲ್ಲು ಬಂದಾಗ ಅದನ್ನು ಕೈಗವಸಿನಲ್ಲಿ ಹಿಡಿದ. ಹಮಾಲ ಮಾತ್ರ ಏನೂ ತಿಳಿಯದೆ, ಮೊದಲ ಸಲ ಬರಿಗೈಯಲ್ಲಿ, ಮೊದಲ ಬೇಸ್ ದಾಟಿ ಎರಡನೆಯದಕ್ಕೆ ಓಡುತ್ತಿದ್ದ. "ಬಿಟ್ನಿರೀ ಸರ್, ಬಿಟ್ನಿ!" ಎಂದು ಖುಷಿಯಲ್ಲಿ ಕೂಗಿದ.

ಆಟೋದಲ್ಲಿ ಸಿಂಧನೂರಿಗೆ ಕರೆದೊಯ್ದೆವು. ದವಡೆ ಎರಡು ಕಡೆ ಮುರಿದಿತ್ತು, ಕೆನ್ನೆಯ ಮೂಳೆ ಬಿರುಕು ಬಿಟ್ಟಿತ್ತು, ಕಣ್ಣು ಉಳಿದಿತ್ತು. ದವಡೆಯನ್ನು ತಂತಿಯಲ್ಲಿ ಕಟ್ಟಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಹಮಾಲ ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕುಳಿತಿದ್ದ. ನಾನು ಕೂರಲಾಗದೆ ಗೇಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗೇಟಿಗೆ ಅಡ್ಡಾಡುತ್ತಿದ್ದೆ.

ಆ ಚಡಪಡಿಕೆ ಆಮೇಲೂ ಬಿಡಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದೆ. ಕುಳಿತು ಕಿಟಕಿಗೆ ತಲೆ ಆನಿಸಿದರೆ ಎಡ ಕಿವಿಯ ಪಕ್ಕ ಏನೋ ಹಾದುಹೋದಂತಾಗುತ್ತಿತ್ತು. ಕಾಲೇಜಿನಲ್ಲಿ ಹುಡುಗರು ಆಡುವಾಗ ಬ್ಯಾಟುಗಾರನ ಹಿಂದೆ ನಿಲ್ಲಲು ಹೋಗಿ ಒಮ್ಮೆ ಮುಖ ತಿರುಗಿಸಿಬಿಟ್ಟೆ. ಯಾರೂ ಗಮನಿಸಲಿಲ್ಲ.

ತರಬೇತುದಾರರಿಗೆ ನಡೆದದ್ದನ್ನು ತಿಳಿಸಿದೆ. ಅವರು ಮರುಗಿದರು. ಆದರೆ ಬರುವ ದಿನ ಬದಲಾಗುವಂತಿರಲಿಲ್ಲ.

ಹಮಾಲ ದಿನಾ ಗಿರಣಿ ಬಿಟ್ಟ ಮೇಲೆ ಮಸ್ಕಿಗೆ ಹೋಗುತ್ತಿದ್ದ. ಕ್ಯಾಚರ್‌ಗೆ ಅಗಿಯಲಾಗುತ್ತಿರಲಿಲ್ಲ, ಗಂಜಿಯೇ ಊಟ. ಅದಕ್ಕೆ ಗಿರಣಿಯಿಂದ ಒಳ್ಳೆಯ ನುಚ್ಚು ಆರಿಸಿ ಒಯ್ಯುತ್ತಿದ್ದ. ಒಂದು ಸಂಜೆ ನಾನೂ ಜೊತೆಗಿದ್ದೆ. ಕ್ಯಾಚರ್‌ನ ತಾಯಿ ಬಾಗಿಲಲ್ಲೇ ನಿಂತರು.

"ನುಚ್ಚು ಕಟ್ಟಿಮ್ಯಾಲ ಇಡು," ಎಂದರು. "ಒಳಗ ಬರಬ್ಯಾಡ."

"ಹೂನ್ರಿ ಚಾಚಿ."

"ನೀವಾದ್ರ ಬರ್ರಿ ಸರ್. ನಿಮ್ಮ ಕೈಲಿಂದ ಏನೂ ಆಗಿಲ್ಲ."

ನನಗೂ ಒಳಗೆ ಹೋಗಲಾಗಲಿಲ್ಲ. ಒಳಗಿನಿಂದ ಕ್ಯಾಚರ್ ಕಚ್ಚಿದ ಹಲ್ಲಿನಲ್ಲೇ ಏನೋ ಅಂದ. ತಾಯಿ ತಿರುಗಿ ದಖನಿ ಉರ್ದುವಿನಲ್ಲಿ ಅವನನ್ನು ಗದರಿಸಿ ಬಾಗಿಲು ಮುಂದಕ್ಕೆಳೆದುಕೊಂಡರು.

ಬೇರೆ ಕ್ಯಾಚರ್ ಇಲ್ಲದೆ, ಹಿಂದೆ ಬರೀ ಬಲೆ ಕಟ್ಟಿ ಅಭ್ಯಾಸ ಮತ್ತೆ ಶುರುಮಾಡಿದೆ. ಬ್ಯಾಟಿನ ಹಿಡಿಕೆಗೆ ನೈಲಾನ್ ದಾರ ಕಟ್ಟಿ ಅವನ ಮಣಿಕಟ್ಟಿಗೆ ಸಿಕ್ಕಿಸಿದೆ. ಬಿಟ್ಟ ಬ್ಯಾಟು ಜಗ್ಗಿ ಮರಳಿ ಅವನ ಮೊಣಕಾಲಿಗೇ ಬಡಿಯಿತು. ಎಡಕ್ಕೆ ಒಂದು ಹಳೆಯ ಟೈರು ಮಲಗಿಸಿ ಅದರೊಳಗೆ ಹಾಕು ಎಂದೆ. ಅವನು ಹಾಕಲಿಲ್ಲ, ಒಗೆದ. ಟೈರಿಗೆ ತಾಗಿ ಪುಟಿದ ಬ್ಯಾಟು ಬಲೆಯನ್ನು ಹರಿದುಹಾಕಿತು. ಬ್ಯಾಟಿಗೆ ಗೋಣಿ ಸುತ್ತಿದೆ, ಬೀಸುವ ಲಯವೇ ಕೆಟ್ಟಿತು. ದಿನದಿಂದ ದಿನಕ್ಕೆ ಅವನ ಬೀಸು ಚಿಕ್ಕದಾಯಿತು. ಮೈದಾನ ಸಾಲದ ಹೊಡೆತ ಪಿಚರ್‌ನ ಕಾಲಬಳಿ ಬೀಳತೊಡಗಿತು. ಒಂದು ಬೆಳಿಗ್ಗೆ ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ.

ಅವನನ್ನು ಹುಡುಕಿಕೊಂಡು ಗಿರಣಿಗೆ ಹೋದೆ. ಲಾರಿಯಿಂದ ಭತ್ತದ ಚೀಲ ಇಳಿಸುತ್ತಿದ್ದರು. ಇವನು ಚೀಲ ಹೆಗಲಿಗೇರಿಸಿ ಹಲಗೆಯ ಮೇಲೆ ಓಡುನಡಿಗೆಯಲ್ಲಿ ಬಂದು, ಪೇರಿಸಿದ ಚೀಲಗಳ ನಿಟ್ಟಿಗೆ ಬೆನ್ನು ಕೊಟ್ಟು, ಹೆಗಲನ್ನು ಒಮ್ಮೆ ಜಾಡಿಸುತ್ತಿದ್ದ. ಚೀಲ ಹಿಂದಕ್ಕೆ ಹಾರಿ ತನ್ನ ಜಾಗದಲ್ಲಿ ಕೂರುತ್ತಿತ್ತು. ಅವನು ತಿರುಗಿಯೂ ನೋಡದೆ ಇನ್ನೊಂದಕ್ಕೆ ಓಡುತ್ತಿದ್ದ. ಹತ್ತಿರದಿಂದ ನೋಡಲು ನಾನು ನಿಟ್ಟಿನ ಬದಿಗೆ ಹೋದೆ.

"ಏ ಸರ್, ಈಕಡೆ ಬರ್ರಿ!" ಎಂದು ಹಮಾಲರ ಮೇಸ್ತ್ರಿ ಕೂಗಿದ. "ಚೀಲ ಇಳಿಸೋನ ಬೆನ್ನಿಂದ ಯಾರರ ನಿಂದ್ರತಾರೇನ್ರಿ? ಸಾಯಾಕ ಬಂದೀರೇನು?"

ನಾನು ಈಚೆ ಬಂದೆ. ಆ ಜಾಡಿಸುವಿಕೆಯನ್ನು ಮಸ್ಕಿಯಲ್ಲಿ ನೋಡಿದ್ದೆ. ಹೆಗಲಿಗೆ ಬಂದ ಭಾರ ಬಿಡುವುದೆಂದರೆ ಅವನ ಮೈಗೆ ಗೊತ್ತಿದ್ದದ್ದು ಇದೊಂದೇ ದಾರಿ, ಹಿಂದಕ್ಕೆ. ಗಿರಣಿಯಲ್ಲಿ ಅವನ ಹಿಂದೆ ಯಾರೂ ನಿಲ್ಲುವುದಿಲ್ಲ. ಮೈದಾನದಲ್ಲಿ ಇಬ್ಬರು ಇರುತ್ತಾರೆ.

ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಮಾತಾಡಿದೆವು.

"ನಾ ಬರಂಗಿಲ್ರಿ ಸರ್. ಅವ್ರಿಗೆ ಫೋನ್ ಮಾಡಿ ಹೇಳಿಬಿಡ್ರಿ."

"ಹೊಡಿಯಾಕ ಬರಂಗಿಲ್ಲೇನು ನಿನಗ?"

"ಹೊಡಿಯೋದು ಬರ್ತೈತ್ರಿ. ಹೊಡಿಯೋಕಿಂತ ಮೊದ್ಲ ಹಿಂದ ಯಾರದಾರಂತ ಜೀವ ಅಲ್ಲೇ ಇರ್ತೈತಿ. ಚೆಂಡ ಕಾಣಂಗಿಲ್ಲ."

"ಹಿಡ್ಕೊಂಡು ಓಡುವಾಗ?"

ಅವನು ಚಹಾದ ಲೋಟವನ್ನು ತಿರುಗಿಸಿದ. "ಆವಾಗ ಏನೂ ಇರಲಿಲ್ರಿ. ಕೈಯಾಗ ಇತ್ತಲ್ಲ. ಕೈಯಾಗ ಇದ್ದದ್ದು ಯಾರಿಗೆ ಬಡೀತೈತಿ?"

ನಾನು ಎದ್ದು ರಸ್ತೆಯ ಅಂಚಿನವರೆಗೆ ಹೋಗಿ ಬಂದೆ. ತರಬೇತುದಾರರು ಬಿಡಿಸು ಎಂದದ್ದು ಇದನ್ನೇ. ಹಿಡಿದು ಓಡಿದರೆ ಅವನನ್ನು ಬೇಡ ಅನ್ನುವ ಸಾಧ್ಯತೆಯೇ ಹೆಚ್ಚು. ಹಿಡಿಯಬೇಡ ಎಂದರೆ ಅವನು ಹೊಡೆಯುವುದೇ ಇಲ್ಲ. ಹಿಂದಕ್ಕೆ ಬಿಟ್ಟರೆ ಇನ್ನೊಬ್ಬರ ಮುಖ ಒಡೆಯುತ್ತದೆ. ಎಲ್ಲ ಕಡೆ ಕಲಿಸುವ ರೀತಿಯನ್ನು ಬಿಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಆದರೂ ಮರಳಿ ಬಂದು ಹೇಳಿದೆ:

"ಹಿಡ್ಕೊಂಡೇ ಓಡು. ಸ್ವಲ್ಪ ಮುಂದ ಹೋಗಿ ಬಗ್ಗಿ ಕೆಳಗ ಇಡು. ಒಗಿಬ್ಯಾಡ, ಬಿಡಬ್ಯಾಡ, ಇಡು. ಆಮ್ಯಾಲ ಓಡು."

"ಅವ್ರು ನಗ್ತಾರ್ರಿ."

"ನಗಲಿ."

"ಕೆಲಸಕ್ಕ ತಗೊಳ್ಳಂಗಿಲ್ರಿ."

"ತಗೊಳ್ದಿದ್ರ ಗಿರಣಿ ಐತಿ. ಹೊಡೀಲಾರ್ದ ಮನ್ಯಾಗ ಕುಂತ್ರೂ ಗಿರಣಿನ."

ಅವನು ಲೋಟ ಕೆಳಗಿಟ್ಟ. "ಭಾಯ್‌ನ ಒಂದ್ಮಾತು ಕೇಳ್ತೀನ್ರಿ," ಎಂದ.

ಆ ಸಂಜೆಯೇ ಮಸ್ಕಿಗೆ ಹೋದೆವು. ನಾವು ಕಟ್ಟೆಯ ಮೇಲೆ ಕುಳಿತು ಹೇಳಿದ್ದನ್ನು ಕ್ಯಾಚರ್ ಒಳಗಿನಿಂದಲೇ ಕೇಳಿಸಿಕೊಂಡ. ಆಮೇಲೆ ಹೊರಗೆ ಬಂದು, ಬೀದಿಯಲ್ಲಿ ನಿಂತು, ಕಾಣದ ಬ್ಯಾಟೊಂದನ್ನು ಹಿಡಿದು ನಾಲ್ಕು ಹೆಜ್ಜೆ ಓಡಿ ಬಲಗಡೆಗೆ ಬಗ್ಗಿ ಇಟ್ಟು ತೋರಿಸಿದ. "ಬಲಕ್ಕ," ಎಂದ ಕಚ್ಚಿದ ಹಲ್ಲಿನಲ್ಲಿ. "ಎಡಕ್ಕ ಇಟ್ರ ನಿನ್ನ ಕಾಲಿಗೇ ಬರ್ತೈತಿ, ದಡ್ಡ." ಅವನ ತಾಯಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ನುಚ್ಚಿನ ಗಂಟನ್ನು ಕಟ್ಟೆಯಿಂದ ತಾವೇ ಎತ್ತಿಕೊಂಡು ಒಳಗೆ ಹೋದರು.

ಕೇಳಲು ಸುಲಭವಿದ್ದದ್ದು ಮಾಡಲು ಸುಲಭವಿರಲಿಲ್ಲ. ಓಟದ ಹಾದಿಯ ಬಲಕ್ಕೆ, ಗೆರೆಯ ಹೊರಗೆ, ಕ್ಯಾಚರ್ ಟ್ಯೂಬಿನ ಒಂದು ಪಟ್ಟಿಯನ್ನು ನೆಲಕ್ಕೆ ಬಡಿದು ಕೊಟ್ಟ. ಹಮಾಲ ಬಗ್ಗುವಾಗ ಮುಗ್ಗರಿಸಿದ. ಇಟ್ಟ ಬ್ಯಾಟು ಉರುಳಿ ಹಾದಿಗೆ ಬಂತು. ಪಟ್ಟಿ ಹುಡುಕಲು ತಲೆ ತಗ್ಗಿಸಿ ನಿಂತೇ ಬಿಟ್ಟ. ಎರಡು ಕೈಯ ಬದಲು ಬಲಗೈ ಒಂದರಲ್ಲಿ ಹಿಡಿದು, ದಪ್ಪ ತುದಿಯನ್ನು ಮೊದಲು ನೆಲಕ್ಕೆ ತಾಗಿಸಿ, ಹಿಡಿಕೆಯನ್ನು ಆಮೇಲೆ ಇಳಿಸಿದರೆ ಉರುಳುವುದಿಲ್ಲ ಎಂಬುದು ಬಹಳ ಸಲ ಮಾಡಿದ ಮೇಲೆ ಗೊತ್ತಾಯಿತು. ಆಮೇಲೆ ಪಟ್ಟಿ ತೆಗೆದೆವು. ಅಷ್ಟೊತ್ತಿಗೆ ಬೀಸು ಮೊದಲಿನ ಅಳತೆಗೆ ಮರಳಿತ್ತು.

ತರಬೇತುದಾರರು ಬಂದ ದಿನ ಲಿಂಗಸುಗೂರಿನ ಮೈದಾನದ ಕಟ್ಟೆಯ ಮೇಲೆ ಸಿಂಧನೂರಿನ ಹಮಾಲರು ಸಾಲಾಗಿ ಕುಳಿತಿದ್ದರು. ಗುರುಗುಂಟಾದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಚರ್ ಆಗಿ ಕೂರಿಸಿದ್ದೆ. ತರಬೇತುದಾರರು ತಮ್ಮ ತಂಡದ ಪಿಚರ್‌ನನ್ನೇ ಕರೆತಂದಿದ್ದರು. "ಹಿಂದೆ ನೀವೇ ನಿಲ್ಲಿ," ಎಂದರು ನನಗೆ. ನಿಂತೆ. ದವಡೆಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ ನಮ್ಮ ಕ್ಯಾಚರ್ ಬಲೆಯ ಆಚೆ, ನನ್ನ ಎಡಕ್ಕೆ, ಮಸ್ಕಿಯಲ್ಲಿ ಬ್ಯಾಟು ಹಾರಿ ಬಂದಿದ್ದ ಅದೇ ದಿಕ್ಕಿನಲ್ಲಿ ಕುಳಿತ.

"ಅಲ್ಲಿ ಬ್ಯಾಡೋ," ಎಂದೆ.

"ಇಲ್ಲೇ ಚೊಲೊ ಕಾಣ್ತೈತ್ರಿ," ಎಂದ.

ಮೊದಲ ಚೆಂಡು ಮೊಣಕಾಲಿನ ಕೆಳಗೆ ಬಂತು. ಹಮಾಲ ಅಲುಗಲಿಲ್ಲ. ಎರಡನೆಯದೂ ಕೆಳಗೆ, ಬಿಟ್ಟ. ತರಬೇತುದಾರರು ತಲೆಯಾಡಿಸಿದರು. ಮುಂದಿನದಕ್ಕೆ ಬೀಸಿ ತಪ್ಪಿದ. ಅದರ ಮುಂದಿನದು ತಾಗಿತು, ನೆಲದ ಮೇಲೆ ಉರುಳಿತು. ನಾನು ಕಣ್ಣು ಮುಚ್ಚಲಿಲ್ಲ. ಬ್ಯಾಟು ಹೆಗಲ ಮೇಲಿಂದ ಇಳಿದು ಅವನ ಬಲಗೈಗೆ ಬಂತು, ಅವನ ಜೊತೆ ಓಡಿತು, ಅವನು ಬಗ್ಗಿ ಅದನ್ನು ಇಟ್ಟ. ಆ ಬಗ್ಗುವಿಕೆಯಷ್ಟೇ ತಡವಾಗಿ ಮೊದಲ ಬೇಸ್ ಮುಟ್ಟಿದ. ಔಟ್.

"ಅದೇನದು?" ಎಂದರು ತರಬೇತುದಾರರು. ನಾನು ಹೇಳಿದೆ. ಅವರು ಕೇಳಿ, ಅವನನ್ನು ಹತ್ತಿರ ಕರೆದರು. "ನೋಡಪ್ಪಾ, ಅದೊಂದರಿಂದ ನೀನು ಔಟ್ ಆದೆ. ಬ್ಯಾಟು ಅಲ್ಲೇ ಬಿಟ್ಟು ಓಡು. ಒಂದೇ ಒಂದು ಸಲ ನನಗೆ ಮಾಡಿ ತೋರಿಸು, ಸಾಕು."

ಅವನು ಬೇಡಿಕೊಂಡು ಬಂದದ್ದೆಲ್ಲ ಆ ಒಂದು ಸಲದಲ್ಲಿತ್ತು. ಹಿಂದೆ ತಿರುಗಿ ನೋಡಿದ. ಗುರುಗುಂಟಾದ ಹುಡುಗ, ನಾನು, ಬಲೆಯ ಆಚೆ ದವಡೆ ಕಟ್ಟಿಕೊಂಡವನು.

"ಆಗಂಗಿಲ್ರಿ," ಎಂದ.

"ಬಲೆ ಇದೆಯಲ್ಲ."

"ಇರಲ್ರಿ. ಆಗಂಗಿಲ್ಲ."

ತರಬೇತುದಾರರು ಕೈಯಲ್ಲಿದ್ದ ಚೆಂಡನ್ನು ಒಮ್ಮೆ ಮೇಲಕ್ಕೆಸೆದು ಹಿಡಿದರು. "ಹಾಗಾದರೆ ನೀನು ಗೋಡೆ ದಾಟುವ ಹೊಡೆತವನ್ನೇ ಹೊಡೆಯಬೇಕಾಗುತ್ತದೆ," ಎಂದರು. ಅದು ನಗೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ.

"ಆಗ್ಲಿರಿ," ಎಂದು ಅವನು ಬ್ಯಾಟು ಎತ್ತಿಕೊಂಡ.

ಮತ್ತೆ ಎರಡು ಕೆಳಗಿನ ಚೆಂಡು ಬಂದವು, ಬಿಟ್ಟ. ಒಂದಕ್ಕೆ ಬೀಸಿ ತಪ್ಪಿದ. ಮೇಸ್ತ್ರಿ ಕಟ್ಟೆಯ ಮೇಲಿಂದ, "ಏಯ್, ಭತ್ತದ ಚೀಲ ಅನ್ಕೊಂಡು ಎತ್ತಲೇ!" ಎಂದು ಕೂಗಿದ. ಮುಂದಿನದು ಸೊಂಟದ ಮಟ್ಟಕ್ಕೆ ಬಂತು. ಆ ಸದ್ದು ನನಗೆ ಗೊತ್ತಿತ್ತು. ಚೆಂಡು ಕಂಪೌಂಡ್ ಗೋಡೆ ದಾಟಿ ರಸ್ತೆಯ ಆಚೆ ಎಲ್ಲೋ ಬಿತ್ತು, ಆಟೋದವನೊಬ್ಬ ಬೈಯುವುದು ಕೇಳಿಸಿತು. ಹಮಾಲ ನಾಲ್ಕು ಹೆಜ್ಜೆ ಓಡಿ, ಬಲಕ್ಕೆ ಬಗ್ಗಿ, ದಪ್ಪ ತುದಿ ಮೊದಲು, ಹಿಡಿಕೆ ಆಮೇಲೆ, ಬ್ಯಾಟು ಇಟ್ಟ. ಗೋಡೆ ದಾಟಿದ ಹೊಡೆತಕ್ಕೆ ಔಟ್ ಇಲ್ಲ, ಗಡಿಬಿಡಿಯಿಲ್ಲದೆ ಎಲ್ಲ ಬೇಸ್‌ಗಳನ್ನೂ ಮುಟ್ಟಿ ಬಂದ.

ತರಬೇತುದಾರರು ಹೊರಡುವಾಗ ಒಪ್ಪಂದದ ಮಾತು ಆಡಲಿಲ್ಲ. "ಶಿಬಿರಕ್ಕೆ ಬರಲಿ. ಮಿಕ್ಕದ್ದನ್ನು ಅಲ್ಲಿ ನೋಡೋಣ," ಎಂದರು. ಜೀಪು ಹತ್ತಿದ ಮೇಲೆ ಮತ್ತೆ ತಲೆ ಹೊರಹಾಕಿ, "ಅದನ್ನು ಬಿಡಿಸುವುದಿಲ್ಲ ಬಿಡಿ," ಎಂದರು.

ಹೊಸ ಋತುವಿನ ಒಂದು ಪಂದ್ಯವನ್ನು ನಾನು ಮಸ್ಕಿಯ ಪಂಕ್ಚರ್ ಅಂಗಡಿಯಲ್ಲಿ, ಕ್ಯಾಚರ್‌ನ ಫೋನಿನಲ್ಲಿ ನೋಡಿದೆ. ಅವನ ದವಡೆಯ ತಂತಿ ಬಿಚ್ಚಿದ್ದರು, ಮಾತು ಸ್ವಲ್ಪ ಒಂದು ಕಡೆಗೆ ವಾಲುತ್ತಿತ್ತು. ಊಟ ತಂದಿದ್ದ ಅವನ ತಾಯಿ ಡಬ್ಬಿ ಹಿಡಿದುಕೊಂಡೇ ನಮ್ಮ ಹಿಂದೆ ನಿಂತರು. ಹಮಾಲ ತಂಡದ ಬಣ್ಣದ ಅಂಗಿಯಲ್ಲಿ ಸ್ವಲ್ಪ ದಪ್ಪ ಕಾಣುತ್ತಿದ್ದ. ಎರಡು ಸಲ ಬೀಸಿ ತಪ್ಪಿದ. ಮೂರನೆಯ ಸಲ ಸದ್ದು ಬಂತು. ವೀಕ್ಷಕ ವಿವರಣೆಯವರು ಏನೋ ಕೂಗಾಡಿದರು. ಕ್ಯಾಮೆರಾ ಚೆಂಡಿನ ಹಿಂದೆ ಮೇಲಕ್ಕೆ ಹೋಯಿತು.

"ಕೆಳಗ ತೋರಸ್ರೋ!" ಎಂದ ಕ್ಯಾಚರ್ ಫೋನಿಗೆ.

ಸ್ವಲ್ಪ ತಡವಾಗಿ ತೋರಿಸಿದರು. ಗೆರೆಯ ಹೊರಗೆ, ಬಲಕ್ಕೆ, ಬ್ಯಾಟು ಅಲ್ಲಾಡದೆ ಮಲಗಿತ್ತು.

"ಇಟ್ಟಾನ," ಎಂದರು ತಾಯಿ, ನಮಗಿಂತ ಮೊದಲು.

ಚೆಂಡು ಎಲ್ಲಿ ಬಿತ್ತೆಂದು ನಮ್ಮಲ್ಲಿ ಯಾರೂ ನೋಡಿರಲಿಲ್ಲ.